ಗೊಬ್ಬರದ ಮೂಟೆಗೆ ಮೊದಲು ಅರ್ಧ ಕಿಲೋ ಮಣ್ಣು

ರಿಪ್ಪನ್‌ಪೇಟೆ: ಹಾಸನದ ಕಡೆ ಆಲೂಗಡ್ಡೆ ಹೇಗೋ ಇಲ್ಲಿ ಶುಂಠಿ ಹಾಗೆ. ಬಂದರೆ ಬಂಗಾರ, ಕೊಳೆತರೆ ಸಾಲ. ಜಮೀನು ಗುತ್ತಿಗೆಗೆ ಹಿಡಿದು, ಬೀಜದ ಶುಂಠಿಗೆ ಕೈಸಾಲ ಮಾಡಿದವನ ಹೆಸರು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲೂ ಇರುತ್ತದೆ. ಹೊಲದಲ್ಲಿ ಗಡ್ಡೆ ಕೊಳೆತರೆ ಪೇಟೆಯ ಗಲ್ಲಾಪೆಟ್ಟಿಗೆಯೂ ಬಡವಾಗುತ್ತದೆ.

ಪುಷ್ಯ ಮಳೆಯಲ್ಲಿ ಎಲೆ ಹಳದಿಯಾಯಿತೆಂದರೆ ಸಾಕು, “ಗೊಬ್ಬರ ಸಾಲ್ಲಿಲ್ಲ ಮಾರಾಯಾ, ಇನ್ನೊಂದು ಮೂಟೆ ಹಾಕು” ಎನ್ನುವ ಪಂಡಿತರು ಬಸ್ಸಿನ ಸೀಟಿಗೊಬ್ಬರಂತೆ ಸಿಗುತ್ತಾರೆ. ಕೊಳೆಯುವ ಬುಡಕ್ಕೆ ಗೊಬ್ಬರ ಸುರಿಯುವುದು ಹೊಟ್ಟೆ ಕೆಟ್ಟವನಿಗೆ ಹೋಳಿಗೆ ಊಟ ಬಡಿಸಿದಂತೆ.

ಕಾಯಿಲೆ ಎರಡು ಬಗೆ. ಒಂದು ಪಿಥಿಯಂ ಎಂಬ ಬೂಷ್ಟಿನಿಂದ ಬರುವ ಗಡ್ಡೆ ಕೊಳೆ. ನೀರು ನಿಂತಲ್ಲಿ ಅದಕ್ಕೆ ಹಬ್ಬ. ಬುಡ ಮೆತ್ತಗಾಗಿ, ಎಳೆದರೆ ಗಿಡ ಸಲೀಸಾಗಿ ಕೈಗೆ ಬರುತ್ತದೆ. ಇದಕ್ಕೆ ಮೊದಲ ಮದ್ದು ಬಸಿಗಾಲುವೆ. ಇನ್ನೊಂದು ದುಂಡಾಣು ಸೊರಗು. ರಾಲ್‌ಸ್ಟೋನಿಯಾ ಎಂಬ ಈ ದುಂಡಾಣುವಿನ ಬಳಗ ಆಲೂಗಡ್ಡೆ, ಟೊಮೆಟೊ, ಬದನೆಯನ್ನೂ ಬಿಡದು. ಸೊರಗಿದ ಗಿಡದ ಕಾಂಡವನ್ನು ಬುಡದಲ್ಲಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಇಳಿಬಿಡಿ. ಹಾಲಿನ ಎಳೆಯಂಥದು ಇಳಿದರೆ ಅದೇ ಕಳ್ಳ. ಆ ಜಾಗದಲ್ಲಿ ಮರುವರ್ಷ ಶುಂಠಿಯೂ ಬೇಡ, ಆಲೂಗಡ್ಡೆಯೂ ಬೇಡ. ಅಲ್ಲಿನ ಗಡ್ಡೆ ಬೀಜಕ್ಕಂತೂ ಬೇಡವೇ ಬೇಡ.

ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಈ ರೋಗಾಣು ಸಿಗುವುದಿಲ್ಲ. ಅದು ಹೇಳುವುದು ಹುಳಿ ಎಷ್ಟು, ರಂಜಕ ಎಷ್ಟು, ಪೊಟ್ಯಾಷ್ ಎಷ್ಟು ಎಂಬುದನ್ನು. ಮಲೆನಾಡಿನ ಮಳೆ ಸುಣ್ಣದಂಶವನ್ನು ತೊಳೆದು ಹಳ್ಳ ಸೇರಿಸುವುದರಿಂದ ಇಲ್ಲಿನ ಕೆಮ್ಮಣ್ಣು ಹುಳಿ. ಅಂಥ ಮಣ್ಣಿಗೆ ಹಾಕಿದ ರಂಜಕ ಕಬ್ಬಿಣ, ಅಲ್ಯೂಮಿನಿಯಂ ಜತೆ ಗಂಟುಬಿದ್ದು ಬೇರಿಗೆ ದಕ್ಕುವುದಿಲ್ಲ. ದುಡ್ಡು ಕೊಟ್ಟು ತಂದ ಗೊಬ್ಬರ ಮಣ್ಣುಪಾಲು! ಅಲ್ಲಿ ಮೊದಲು ಬೇಕಾದದ್ದು ಸುಣ್ಣ. ಎಷ್ಟು ಸುಣ್ಣ ಎಂಬುದನ್ನು ಬಸ್ಸಿನ ಪಂಡಿತರು ಹೇಳಲಾರರು, ಪರೀಕ್ಷೆಯೇ ಹೇಳಬೇಕು.

2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಹಲವು ಜಿಲ್ಲೆಗಳ ಮಣ್ಣಿನಲ್ಲಿ ಸತು, ಬೋರಾನ್, ಗಂಧಕದ ಕೊರತೆ ಕಂಡಿತ್ತು. 2015ರಲ್ಲಿ ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಚೀಟಿ ಬಂತು. ಆ ಚೀಟಿ ಎಷ್ಟು ಮನೆಗಳಲ್ಲಿ ಕ್ಯಾಲೆಂಡರಿನ ಹಿಂದೆ ಸೇರಿದೆಯೋ ದೇವರೇ ಬಲ್ಲ.

ಮಣ್ಣು ತೆಗೆಯುವುದಕ್ಕೂ ಕ್ರಮವಿದೆ. ಬದು, ಗೊಬ್ಬರಗುಂಡಿ, ಮರದ ಬುಡ ಬಿಟ್ಟು 8-10 ಕಡೆ ಅರ್ಧ ಅಡಿ ಆಳಕ್ಕೆ ಅಗೆಯಬೇಕು. ಗುಂಡಿಯ ಬದಿಯನ್ನು ಮೇಲಿಂದ ಕೆಳತನಕ ಕೆರೆದು, ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಮಾತ್ರ ಬಟ್ಟೆ ಚೀಲಕ್ಕೆ ತುಂಬಬೇಕು. ಹಳೇ ಯೂರಿಯಾ ಚೀಲಕ್ಕೆ ತುಂಬಿದರೆ ಪರೀಕ್ಷೆ ಆಗುವುದು ಯೂರಿಯಾದ್ದೇ.

ಎಲ್ಲಿಗೆ ಕೊಡಬೇಕೆಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು. ಪಕ್ಕದ ಸಾಗರ ತಾಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ನಾಟಿ ಏಪ್ರಿಲ್-ಮೇ ತಿಂಗಳಲ್ಲಾದ್ದರಿಂದ ಫೆಬ್ರವರಿಯೊಳಗೆ ಮಣ್ಣು ಕೊಟ್ಟರೆ ಸುಣ್ಣ ಹಾಕಲು ಸಮಯ ಸಿಗುತ್ತದೆ. ಸುಣ್ಣವನ್ನು ಗೊಬ್ಬರದ ಜತೆ ಕಲಸಿ ಎರಚುವುದು ಮಾತ್ರ ಬೇಡ. ನಾಟಿಗೆ ಎರಡು-ಮೂರು ವಾರ ಮೊದಲೇ ಮಣ್ಣಿಗೆ ಸೇರಿಸಬೇಕು.