ಫ್ರೇಮಿಂಗ್ ನೇಲರ್

ಫ್ರೇಮಿಂಗ್ ನೇಲರ್ ಎಂಬುದು ಮರದ ಕಟ್ಟಡಗಳ ಚೌಕಟ್ಟನ್ನು ಜೋಡಿಸುವಾಗ ದೊಡ್ಡ ಮೊಳೆಗಳನ್ನು ಹೊಡೆಯಲು ಬಳಸುವ ಕೈ ಉಪಕರಣ. ಸಂಕುಚಿತ ಗಾಳಿಯ ಬಲದಿಂದ ಕೆಲಸ ಮಾಡುವ ಮಾದರಿಯನ್ನು ನ್ಯೂಮ್ಯಾಟಿಕ್ ಫ್ರೇಮಿಂಗ್ ನೇಲರ್ ಎನ್ನುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ವಾಸದ ಮನೆಗಳು ಬಹುಪಾಲು ಮರದ ಚೌಕಟ್ಟಿನವೇ ಆಗಿರುವುದರಿಂದ ಇದು ಅಲ್ಲಿನ ಬಡಗಿಗಳ ನಿತ್ಯದ ಉಪಕರಣವಾಗಿದೆ. ಹಿತ್ತಲಿನ ಶೆಡ್, ಮರದ ಜಗಲಿಯಂತಿರುವ ಡೆಕ್, ನೆಲಮಾಳಿಗೆಯ ಒಳಗೋಡೆ ಮೊದಲಾದವನ್ನು ತಾವೇ ಕಟ್ಟಿಕೊಳ್ಳುವ ಮನೆಯವರೂ ಇದನ್ನು ಕೊಳ್ಳುತ್ತಾರೆ. ಮೊದಲ ಬಾರಿಗೆ ಕೊಳ್ಳುವವರ ಗಮನ ಸಾಮಾನ್ಯವಾಗಿ ಬೆಲೆ, ತೂಕ ಮತ್ತು ಬಲದ ಕಡೆಗೆ ಹೋಗುತ್ತದೆ. ಆದರೆ ಉಪಕರಣದ ಉಪಯುಕ್ತತೆಯನ್ನೂ ಅಪಾಯವನ್ನೂ ಮುಖ್ಯವಾಗಿ ನಿರ್ಧರಿಸುವುದು ಅದರ ಟ್ರಿಗರ್‌ನ ಬಗೆ ಮತ್ತು ಅದು ಸ್ವೀಕರಿಸುವ ಮೊಳೆಪಟ್ಟಿಯ ಕೋನ.

ಬಳಕೆಯ ನೆಲೆ

ಉತ್ತರ ಅಮೆರಿಕದ ಗೋಡೆಯೊಂದರಲ್ಲಿ ಸ್ಟಡ್ ಎಂದು ಕರೆಯಲಾಗುವ ನಿಲುವು ಮರಗಳನ್ನು ಸಾಮಾನ್ಯವಾಗಿ 16 ಅಂಗುಲಗಳಿಗೆ ಒಂದರಂತೆ ನಿಲ್ಲಿಸಿ, ಮೇಲೂ ಕೆಳಗೂ ಅಡ್ಡಪಟ್ಟಿಗಳಿಗೆ ಮೊಳೆ ಹೊಡೆದು ಬಿಗಿಯುತ್ತಾರೆ. ಪೈನ್, ಸ್ಪ್ರೂಸ್, ಫರ್ ಮುಂತಾದ ಮೃದು ಮರಗಳೇ ಇದಕ್ಕೆ ಬಳಕೆಯಾಗುತ್ತವೆ. ಒಂದು ಸಣ್ಣ ಶೆಡ್ಡಿಗೂ ನೂರಾರು ಮೊಳೆಗಳು ಬೇಕಾಗುವುದರಿಂದ ಸುತ್ತಿಗೆಯ ಕೆಲಸ ತೋಳನ್ನು ದಣಿಸುತ್ತದೆ. 1950ರ ಸುಮಾರಿಗೆ ಗಾಳಿಯಿಂದ ನಡೆಯುವ ನೇಲರ್‌ಗಳು ಮಾರುಕಟ್ಟೆಗೆ ಬಂದ ಮೇಲೆ ಈ ಶ್ರಮ ತಗ್ಗಿತು.

ಕರ್ನಾಟಕದಲ್ಲಿ ಗೋಡೆಗಳು ಇಟ್ಟಿಗೆ, ಕಲ್ಲು ಅಥವಾ ಕಾಂಕ್ರೀಟಿನವಾದ್ದರಿಂದ ಫ್ರೇಮಿಂಗ್ ನೇಲರ್‌ಗೆ ಕೆಲಸ ಕಡಿಮೆ. ಇಲ್ಲಿನ ಮರಗೆಲಸದ ಅಂಗಡಿಗಳಲ್ಲಿ ಕಂಡುಬರುವ ಗಾಳಿಯ ಗನ್ನುಗಳು ಸಣ್ಣ ಮೊಳೆ ಅಥವಾ ಸ್ಟೇಪಲ್ ಹೊಡೆಯುವಂಥವು. ಪ್ಲೈವುಡ್ ಪೀಠೋಪಕರಣ ಹಾಗೂ ಸೋಫಾ ತಯಾರಿಕೆಗೆ ಅವು ಸಾಕು. ಫ್ರೇಮಿಂಗ್ ನೇಲರ್ ಕನ್ನಡಿಗರಿಗೆ ಎದುರಾಗುವುದು ಹೆಚ್ಚಾಗಿ ಅಮೆರಿಕ, ಕೆನಡಾಗಳಲ್ಲಿ ಸ್ವಂತ ಮನೆ ಮಾಡಿಕೊಂಡಾಗ.

ಕಾರ್ಯವಿಧಾನ

ಕಂಪ್ರೆಸರ್‌ನಿಂದ ಕೊಳವೆಯ ಮೂಲಕ ಬಂದ ಗಾಳಿ ಉಪಕರಣದ ಹಿಡಿಯೊಳಗೆ ಒತ್ತಡದಲ್ಲಿ ತುಂಬಿಕೊಂಡಿರುತ್ತದೆ. ಟ್ರಿಗರ್ ಒತ್ತಿದಾಗ ಕವಾಟ ತೆರೆದು ಆ ಗಾಳಿ ಪಿಸ್ಟನ್ನಿನ ಮೇಲೆ ನುಗ್ಗುತ್ತದೆ. ಪಿಸ್ಟನ್ನಿಗೆ ಜೋಡಿಸಿದ ಉಕ್ಕಿನ ಅಲಗು ಮೊಳೆಪಟ್ಟಿಯಿಂದ ಒಂದು ಮೊಳೆಯನ್ನು ಕಿತ್ತು ಒಂದೇ ಏಟಿಗೆ ಮರದೊಳಗೆ ಇಳಿಸುತ್ತದೆ. ಪಿಸ್ಟನ್ ಮತ್ತೆ ಮೇಲೇರುವಷ್ಟರಲ್ಲಿ ಸ್ಪ್ರಿಂಗು ಮುಂದಿನ ಮೊಳೆಯನ್ನು ಜಾಗಕ್ಕೆ ತಳ್ಳಿರುತ್ತದೆ. ಉಪಕರಣದ ಮೂತಿಯಲ್ಲಿ ಒಂದು ಸುರಕ್ಷಾ ತುದಿ ಇದೆ. ಅದನ್ನು ಮರಕ್ಕೆ ಒತ್ತಿ ಹಿಡಿಯದ ಹೊರತು ಮೊಳೆ ಹಾರಬಾರದು ಎಂಬುದು ವಿನ್ಯಾಸದ ಆಶಯ.

ಟ್ರಿಗರ್

ಸುರಕ್ಷಾ ತುದಿಯೂ ಟ್ರಿಗರೂ ಯಾವ ಅನುಕ್ರಮದಲ್ಲಿ ಕೂಡಿ ಕೆಲಸ ಮಾಡುತ್ತವೆ ಎಂಬುದರ ಮೇಲೆ ನೇಲರ್‌ಗಳಲ್ಲಿ ಭೇದಗಳಿವೆ. ಪೂರ್ಣ ಸೀಕ್ವೆನ್ಷಿಯಲ್ ಬಗೆಯಲ್ಲಿ ಮೊದಲು ಮೂತಿಯನ್ನು ಮರಕ್ಕೆ ಒತ್ತಬೇಕು, ಅನಂತರ ಟ್ರಿಗರ್ ಎಳೆಯಬೇಕು; ಆಗ ಒಂದು ಮೊಳೆ ಮಾತ್ರ ಹೊರಬರುತ್ತದೆ. ಎರಡನ್ನೂ ಬಿಟ್ಟು ಮತ್ತೆ ಮೊದಲಿನಿಂದ ಆರಂಭಿಸಿದರಷ್ಟೇ ಮುಂದಿನ ಮೊಳೆ. ಕಾಂಟ್ಯಾಕ್ಟ್ ಬಗೆಯಲ್ಲಿ, ಅಂದರೆ ಬಡಗಿಗಳು ಬಂಪ್ ಎನ್ನುವ ವಿಧಾನದಲ್ಲಿ, ಟ್ರಿಗರನ್ನು ಎಳೆದೇ ಹಿಡಿದುಕೊಂಡು ಮೂತಿಯನ್ನು ಮರಕ್ಕೆ ತಾಗಿಸಿದಷ್ಟು ಸಲವೂ ಒಂದೊಂದು ಮೊಳೆ ಹೊಡೆಯುತ್ತದೆ. ಇವೆರಡರ ನಡುವಣ ಬಗೆಗಳೂ ಇವೆ. ತಯಾರಕರು ಇವುಗಳಿಗೆ ಕೊಡುವ ಹೆಸರುಗಳಲ್ಲಿ ಏಕರೂಪತೆಯಿಲ್ಲ, ಹೊರನೋಟಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹೀಗಾಗಿ ಪೆಟ್ಟಿಗೆಯ ಮೇಲಿನ ಪದವನ್ನು ನಂಬದೆ ಬಳಕೆಯ ಕೈಪಿಡಿಯಲ್ಲಿ ಕ್ರಮವನ್ನು ಓದಿ ನೋಡುವುದು ಅಗತ್ಯ.

ಕಾಂಟ್ಯಾಕ್ಟ್ ಟ್ರಿಗರ್‌ನ ಅಪಾಯಕ್ಕೆ ಕಾರಣ ಉಪಕರಣದ ಹಿನ್ನೂಕು. ಮೊಳೆ ಹಾರಿದ ಕ್ಷಣದಲ್ಲಿ ನೇಲರ್ ಹಿಂದಕ್ಕೆ ಜಿಗಿಯುತ್ತದೆ. ಅನುಭವವಿಲ್ಲದವನು ಅದನ್ನು ಮುಂದಕ್ಕೆ ಒತ್ತಿಯೇ ಹಿಡಿದಿದ್ದರೆ ಮೂತಿ ಮರವನ್ನು ಮತ್ತೆ ಮುಟ್ಟುತ್ತದೆ, ಬೆರಳು ಟ್ರಿಗರಿನ ಮೇಲೆಯೇ ಇರುವುದರಿಂದ ಬೇಡದ ಎರಡನೆಯ ಮೊಳೆ ಹೊರಡುತ್ತದೆ. ಅದು ಮೊದಲ ಮೊಳೆಯ ತಲೆಗೆ ತಾಗಿ ಅಡ್ಡ ಹಾರಬಹುದು, ಮರವನ್ನು ಹಿಡಿದಿರುವ ಎಡಗೈಗೆ ನಾಟಬಹುದು. ಟ್ರಿಗರ್ ಹಿಡಿದುಕೊಂಡೇ ಏಣಿ ಇಳಿಯುವಾಗ ಮೂತಿ ತೊಡೆಗೋ ಮೊಣಕಾಲಿಗೋ ತಗುಲಿದರೂ ಫಲ ಒಂದೇ; ಸುರಕ್ಷಾ ತುದಿಗೆ ಮರ ಯಾವುದು, ಮೈ ಯಾವುದು ಎಂಬ ವಿವೇಚನೆಯಿಲ್ಲ.

ಈ ಅಪಾಯ ಕೇವಲ ಊಹೆಯದಲ್ಲ. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರಗಳು ಪ್ರಕಟಿಸಿದ ಅಂದಾಜಿನಂತೆ 2001ರಿಂದ 2005ರವರೆಗೆ ವರ್ಷಕ್ಕೆ ಸರಾಸರಿ 37,000 ಮಂದಿ ನೇಲರ್ ಗಾಯಗಳಿಗಾಗಿ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಬಂದಿದ್ದರು. ಅವರಲ್ಲಿ ಸುಮಾರು ಶೇ. 40ರಷ್ಟು ಜನ ವೃತ್ತಿಯವರಲ್ಲ, ಮನೆಬಳಕೆಯವರು. 1991ರಲ್ಲಿ ಸುಮಾರು 4,200 ಇದ್ದ ಮನೆಬಳಕೆಯ ಗಾಯಾಳುಗಳ ಸಂಖ್ಯೆ 2005ರಲ್ಲಿ ಸುಮಾರು 14,800ಕ್ಕೆ ಏರಿತ್ತು. ಅಮೆರಿಕದ ಕಾರ್ಮಿಕ ಸುರಕ್ಷತೆಯ ಎರಡು ಸರ್ಕಾರಿ ಸಂಸ್ಥೆಗಳಾದ ನಯಾಶ್ ಮತ್ತು ಓಶಾ 2011ರಲ್ಲಿ ಜೊತೆಯಾಗಿ ಹೊರತಂದ ಕೈಪಿಡಿಯು, ಸೀಕ್ವೆನ್ಷಿಯಲ್ ಟ್ರಿಗರ್‌ಗಿಂತ ಕಾಂಟ್ಯಾಕ್ಟ್ ಟ್ರಿಗರ್ ಬಳಸುವಾಗ ಗಾಯದ ಸಂಭವ ಎರಡರಷ್ಟು ಎಂದು ಹೇಳುತ್ತದೆ. ವರದಿಯಾದ ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೈ ಮತ್ತು ಬೆರಳುಗಳವು.

ಕಾಂಟ್ಯಾಕ್ಟ್ ಟ್ರಿಗರ್‌ನ ಪರವಾಗಿ ಹೇಳಲಾಗುವುದು ವೇಗವೊಂದೇ. ಅದೇ ಕೈಪಿಡಿ ಉಲ್ಲೇಖಿಸುವ ಅಧ್ಯಯನವೊಂದರಲ್ಲಿ ಅನುಭವಿ ಬಡಗಿಗಳು ಎರಡೂ ಬಗೆಯ ಟ್ರಿಗರ್‌ಗಳಿಂದ ಒಂದೇ ಅಳತೆಯ ಶೆಡ್ಡುಗಳನ್ನು ಕಟ್ಟಿದರು. ಮೊಳೆ ಹೊಡೆಯುವ ಸಮಯದಲ್ಲಿ ಕಾಂಟ್ಯಾಕ್ಟ್ ಬಗೆ ಶೇ. 10ರಷ್ಟು ಉಳಿಸಿತಾದರೂ, ಒಟ್ಟು ಕಟ್ಟಡದ ಸಮಯದಲ್ಲಿ ಆ ಉಳಿತಾಯ ಶೇ. 1ನ್ನೂ ಮುಟ್ಟಲಿಲ್ಲ. ಅಳೆಯುವುದು, ಕತ್ತರಿಸುವುದು, ನೇರ ನೋಡುವುದು ಇವುಗಳಲ್ಲಿಯೇ ಹೊತ್ತು ಹೆಚ್ಚು ಕಳೆಯುವ ಮನೆಯ ಕೆಲಸಗಾರನಿಗೆ ಅದು ಲಾಭವೇ ಅಲ್ಲ. ಆದುದರಿಂದ ಮೊದಲ ನೇಲರ್‌ಗೆ ಪೂರ್ಣ ಸೀಕ್ವೆನ್ಷಿಯಲ್ ಟ್ರಿಗರ್ ಇರುವುದೇ ಯುಕ್ತ. ಕೆಲವು ಮಾದರಿಗಳಲ್ಲಿ ಗುಂಡಿ ತಿರುಗಿಸಿ ಬಗೆ ಬದಲಿಸಬಹುದು. ಅಂಥವುಗಳಲ್ಲಿ ಗುಂಡಿ ಯಾವ ಕಡೆ ಇದೆಯೆಂದು ಪ್ರತಿ ಸಲವೂ ಪರೀಕ್ಷಿಸಬೇಕಾಗುತ್ತದೆ.

ಮೊಳೆಯ ಕೋನ ಮತ್ತು ತಲೆ

ನೇಲರ್‌ಗೆ ಹಾಕುವ ಮೊಳೆಗಳು ಬಿಡಿಯಾಗಿರದೆ ಪಟ್ಟಿಯಾಗಿ ಅಂಟಿಕೊಂಡಿರುತ್ತವೆ. ಸುಮಾರು 21 ಡಿಗ್ರಿ ಓರೆಯ ಪಟ್ಟಿಗಳನ್ನು ಪ್ಲಾಸ್ಟಿಕ್ಕಿನಿಂದಲೂ 28 ಡಿಗ್ರಿಯವನ್ನು ತಂತಿಯಿಂದಲೂ 30ರಿಂದ 34 ಡಿಗ್ರಿಯವನ್ನು ಕಾಗದದಿಂದಲೂ ಕಟ್ಟಿರುತ್ತಾರೆ. 15 ಡಿಗ್ರಿಯ ಮೊಳೆಗಳು ಸುರುಳಿಯಾಗಿ ಬರುತ್ತವೆ. ಒಮ್ಮೆ ತುಂಬಿದರೆ ನೂರಾರು ಮೊಳೆ ಹೊಡೆಯಬಹುದಾದರೂ ಉಪಕರಣ ಭಾರವಾಗುತ್ತದೆ. ಒಂದು ಕೋನದ ಉಪಕರಣಕ್ಕೆ ಇನ್ನೊಂದು ಕೋನದ ಪಟ್ಟಿ ಹೊಂದುವುದಿಲ್ಲ. ಆದ್ದರಿಂದ ಉಪಕರಣವನ್ನು ಆರಿಸುವ ಮೊದಲು ಹತ್ತಿರದ ಅಂಗಡಿಯಲ್ಲಿ ಯಾವ ಕೋನದ ಮೊಳೆಗಳು ಸದಾ ಸಿಗುತ್ತವೆ ಎಂದು ನೋಡಿಕೊಳ್ಳುವುದು ಜಾಣತನ.

ಓರೆ ಹೆಚ್ಚಿದಷ್ಟೂ ಉಪಕರಣ ಇಕ್ಕಟ್ಟಿನಲ್ಲಿ ನುಸುಳುತ್ತದೆ. 16 ಅಂಗುಲಕ್ಕೊಂದರಂತೆ ನಿಲ್ಲಿಸಿದ ಸ್ಟಡ್‌ಗಳ ನಡುವೆ ಉಳಿಯುವ ತೆರವು ಹದಿನಾಲ್ಕೂವರೆ ಅಂಗುಲ ಮಾತ್ರ. ಪ್ಲಾಸ್ಟಿಕ್ ಪಟ್ಟಿಯ ಚೂರುಗಳು ಹೊಡೆತಕ್ಕೆ ಸಿಡಿಯುತ್ತವೆ. ಕಾಗದದ ಪಟ್ಟಿಗೆ ತೇವ ತಾಗಬಾರದು. ಇದಕ್ಕಿಂತ ಮುಖ್ಯವಾದುದು ತಲೆಯ ಆಕಾರ. ಕಾಗದದ ಪಟ್ಟಿಗಳಲ್ಲಿ ಮೊಳೆಗಳು ಒತ್ತೊತ್ತಾಗಿ ಕೂರಬೇಕಾದುದರಿಂದ ಕೆಲವಕ್ಕೆ ತಲೆಯ ಒಂದು ಬದಿಯನ್ನು ಕತ್ತರಿಸಿರುತ್ತಾರೆ. ಭೂಕಂಪ ಅಥವಾ ಚಂಡಮಾರುತದ ಭಯವಿರುವ ಕೆಲವು ಕಡೆ ಸ್ಥಳೀಯ ಕಟ್ಟಡ ನಿಯಮಗಳು ಪೂರ್ಣ ದುಂಡುತಲೆಯ ಮೊಳೆಯನ್ನೇ ಕೇಳುತ್ತವೆ.

ಮೊಳೆಯ ಅಳತೆ ಮತ್ತು ಲೇಪ

ಫ್ರೇಮಿಂಗ್ ನೇಲರ್‌ಗಳು ಸಾಮಾನ್ಯವಾಗಿ 2ರಿಂದ 3½ ಅಂಗುಲ ಉದ್ದದ ಮೊಳೆಗಳನ್ನು ಹೊಡೆಯುತ್ತವೆ. ಎರಡು–ನಾಲ್ಕು ಎಂದು ಮಾರುವ ಮರದ ನಿಜವಾದ ಅಳತೆ 1½ ಮತ್ತು 3½ ಅಂಗುಲ. ಅಡ್ಡಪಟ್ಟಿಯ ಮೂಲಕ ಸ್ಟಡ್‌ನ ತುದಿಗೆ 3¼ ಅಂಗುಲದ ಮೊಳೆ ಸರಿಹೋಗುತ್ತದೆ. ಆದರೆ ಅಂಥ ಎರಡು ಮರಗಳನ್ನು ಮೈಗೆ ಮೈ ಸೇರಿಸಿ ನೆಟ್ಟಗೆ ಹೊಡೆದರೆ ಅದೇ ಮೊಳೆ ಹಿಂಬದಿಯಲ್ಲಿ ಕಾಲು ಅಂಗುಲ ಹೊರಗಿಣುಕುತ್ತದೆ. ಅಲ್ಲಿ ಕೈ ಇದ್ದೀತೆಂಬುದನ್ನು ಮರೆಯಬಾರದು. ನೇಲರ್ ಮೊಳೆಗಳು ಸುತ್ತಿಗೆಯ ಮೊಳೆಗಳಿಗಿಂತ ಹೆಚ್ಚಾಗಿ ತೆಳ್ಳಗಿರುವುದರಿಂದ ಅದೇ ಬಿಗಿತಕ್ಕೆ ಸಂಖ್ಯೆ ಹೆಚ್ಚು ಬೇಕಾಗಬಹುದು.

ಮಳೆಗೆ ಒಡ್ಡಿಕೊಳ್ಳುವ ಡೆಕ್‌ಗಳಿಗೆ ಸಂರಕ್ಷಕ ದ್ರಾವಣ ಹೀರಿಸಿದ ಮರ ಬಳಸುತ್ತಾರೆ. 2003ರ ಕೊನೆಯಲ್ಲಿ ಅಮೆರಿಕದ ವಸತಿ ಬಳಕೆಯಿಂದ ಆರ್ಸೆನಿಕ್ ಇದ್ದ ದ್ರಾವಣ ಬಹುಮಟ್ಟಿಗೆ ಹಿಂದೆ ಸರಿದು, ತಾಮ್ರ ಹೆಚ್ಚಿರುವವು ಬಂದವು. ತಾಮ್ರ ಸಾದಾ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಅಲ್ಲಿ ಕರಗಿದ ಸತುವಿನಲ್ಲಿ ಅದ್ದಿ ಲೇಪಿಸಿದ ಅಥವಾ ಸ್ಟೇನ್‌ಲೆಸ್ ಉಕ್ಕಿನ ಮೊಳೆಗಳೇ ಬೇಕು.

ಕಂಪ್ರೆಸರ್

ನೇಲರ್‌ಗೆ ಬೇಕಾದ ಒತ್ತಡ ಸುಮಾರು 70ರಿಂದ 120 ಪಿಎಸ್‌ಐ. ಒಬ್ಬನೇ ನಿಧಾನವಾಗಿ ಮಾಡುವ ಕೆಲಸಕ್ಕೆ 6 ಗ್ಯಾಲನ್ ತೊಟ್ಟಿಯ ಸಣ್ಣ ಕಂಪ್ರೆಸರ್ ಸಾಕು. ಕೊನೆಯಲ್ಲಿ ತೊಟ್ಟಿಯ ನೀರು ಬಸಿಯಬೇಕು. ಎಣ್ಣೆ ಬೇಡುವ ಉಪಕರಣವಾದರೆ ಗಾಳಿಯ ಬಾಯಿಗೆ ಕೆಲವು ಹನಿ ಬಿಡಬೇಕು. ಸಿಲಿಂಡರಿನ ಆಮ್ಲಜನಕವನ್ನಾಗಲಿ ಬೇರೆ ಅನಿಲವನ್ನಾಗಲಿ ಗಾಳಿಗೆ ಬದಲಾಗಿ ಜೋಡಿಸಿದರೆ ಉಪಕರಣ ಸಿಡಿಯುವ ಅಪಾಯವಿದೆ. ಕೊಳವೆಯ ತೊಡಕು ಬೇಡವೆನ್ನುವವರಿಗೆ ಬ್ಯಾಟರಿಯಿಂದ ನಡೆಯುವ ನೇಲರ್‌ಗಳಿವೆ. ಅವು ಸಾಮಾನ್ಯವಾಗಿ ಹೆಚ್ಚು ತೂಕ, ಹೆಚ್ಚು ಬೆಲೆ.

ಕೊಳ್ಳುವ ಮುನ್ನ

ಒಂದೇ ಶೆಡ್ಡಿನ ಯೋಚನೆಯಿದ್ದರೆ ಬಾಡಿಗೆಗೆ ತರುವುದು ಮಿತವ್ಯಯ. ಅಂಗಡಿಯಲ್ಲಿ ಉಪಕರಣವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ನೋಡಬೇಕು. ಮೂರೂವರೆ ಕಿಲೋ ತೂಕ ಮೇಜಿನ ಮೇಲೆ ಹಗುರವೆನಿಸಿದರೂ ತೋಳಿಗೆ ಬೇಗ ಭಾರವಾಗುತ್ತದೆ. ಮೊಳೆಯ ಆಳವನ್ನು ಸಲಕರಣೆಯಿಲ್ಲದೆ ಹೊಂದಿಸಲು ಬರುವ ಮಾದರಿ ಅನುಕೂಲಕರ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಜೊತೆಯಲ್ಲೇ ಕೊಳ್ಳತಕ್ಕವು. ಮರ ಹಿಡಿದ ಕೈ ಮೊಳೆಯ ಜಾಗದಿಂದ ಕನಿಷ್ಠ 12 ಅಂಗುಲ ದೂರವಿರಬೇಕು, ಸಿಕ್ಕಿಕೊಂಡ ಮೊಳೆ ಬಿಡಿಸುವ ಮುನ್ನ ಗಾಳಿಯ ಕೊಳವೆಯನ್ನು ಕಳಚಿರಬೇಕು. ಹಳೆಯ ಉಪಕರಣ ಕೊಳ್ಳುವವರು, ಗಾಳಿ ಜೋಡಿಸುವ ಮೊದಲೇ ಮೂತಿಯ ಸುರಕ್ಷಾ ತುದಿಯನ್ನು ಒತ್ತಿ ಬಿಟ್ಟು ಅದು ಸರಾಗವಾಗಿ ಹಿಂದಿರುಗುತ್ತದೆಯೇ ಎಂದು ನೋಡಬೇಕು. ವೇಗದ ಆಸೆಗೆ ಅದರ ಸ್ಪ್ರಿಂಗನ್ನು ತೆಗೆದುಹಾಕಿದ ಅಥವಾ ತುದಿಯನ್ನೇ ಕಟ್ಟಿಹಾಕಿದ ಉಪಕರಣಗಳೂ ಕೈ ಬದಲಾಗುವುದುಂಟು. ಅಂಥದನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು.