ಲಾಕಪ್ಪಿಗೆ ಹಾಕುವಂತಿಲ್ಲ, ಊರಾಚೆ ಬಿಡುವಂತಿಲ್ಲ. ಹಾಗಾದರೆ ಪೇದೆ ಏನು ಮಾಡಬೇಕು?

ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಸಂತೆ ಮೈದಾನ. ಯಾವ ಜಿಲ್ಲಾ ಕೇಂದ್ರದಲ್ಲಾದರೂ ಈ ಮೂರು ಕಡೆ ಒಬ್ಬನಾದರೂ ಇದ್ದೇ ಇರುತ್ತಾನೆ. ಜಡೆಗಟ್ಟಿದ ತಲೆ, ಮೈಮೇಲೆ ನಾಲ್ಕು ಅಂಗಿ, ಕಂಕುಳಲ್ಲಿ ಚಿಂದಿ ಗಂಟು. ಅವನು ತನ್ನಷ್ಟಕ್ಕೆ ಮಾತಾಡಿಕೊಂಡು ತಿರುಗುವ ತನಕ ಯಾರಿಗೂ ಅವನ ಚಿಂತೆಯಿಲ್ಲ. ಹೋಟೆಲಿನವರು ಒಂದು ಲೋಟ ಚಹಾ ಕೊಡುತ್ತಾರೆ, ಪಡ್ಡೆ ಹುಡುಗರು ಕಲ್ಲು ಬೀರುತ್ತಾರೆ. ಒಂದು ದಿನ ಅವನೇ ತಿರುಗಿ ಕಲ್ಲು ಬೀರಿದ ಎಂದಿಟ್ಟುಕೊಳ್ಳಿ. ತಕ್ಷಣ ಜನಕ್ಕೆ ನೆನಪಾಗುವವರು ಪೋಲೀಸರು. 'ಸಾರ್, ಬೇಗ ಬನ್ನಿ, ಹುಚ್ಚ ಒಬ್ಬ ಗಲಾಟೆ ಮಾಡ್ತಾ ಇದಾನೆ!'

ಬರುವವರು ಯಾರು? ಡಾಕ್ಟರಲ್ಲ. ಬೆಳಗಿನಿಂದ ಬಂದೋಬಸ್ತಿಗೆ ನಿಂತು ಕಾಲು ಬಿದ್ದುಹೋದ ಪೇದೆ. ಅವನ ಕೈಯಲ್ಲಿರುವುದು ಲಾಠಿ, ಅಭ್ಯಾಸವಾಗಿರುವುದು ಗದರುವ ದನಿ. ಜೇಬುಗಳ್ಳನ ಮುಂದೆ, ಪುಂಡನ ಮುಂದೆ ಅದು ನಡೆಯುತ್ತದೆ. ಆದರೆ ಕಿವಿಯಲ್ಲಿ ಇಲ್ಲದ ದನಿಗಳು ಕೇಳುತ್ತಿರುವವನ ಮುಂದೆ, ಊರೆಲ್ಲ ಸೇರಿ ತನ್ನನ್ನು ಕೊಲ್ಲಲು ಬರುತ್ತಿದೆ ಎಂದು ನಂಬಿರುವವನ ಮುಂದೆ ಖಾಕಿ ತೊಟ್ಟ ನಾಲ್ವರು ಲಾಠಿ ಹಿಡಿದು ಸುತ್ತುಗಟ್ಟಿದರೆ ಏನಾಗುತ್ತದೆ? ಅವನ ಅನುಮಾನ ನಿಜವಾಯಿತು ಅಷ್ಟೆ. ಓಡುತ್ತಾನೆ, ಇಲ್ಲವೇ ಮೇಲೆ ಬೀಳುತ್ತಾನೆ. ಎರಡರಲ್ಲಿ ಯಾವುದಾದರೂ ಏಟು ಬೀಳುವುದು ಖಂಡಿತ. ಒಮ್ಮೊಮ್ಮೆ ಅವನಿಗೆ, ಒಮ್ಮೊಮ್ಮೆ ಪೇದೆಗೆ.

ತಪ್ಪು ಪೇದೆಯದೆ? ಕಲಿಸದೆ ಇದ್ದದ್ದನ್ನು ಮಾಡು ಅಂದರೆ ಅವನಾದರೂ ಎಲ್ಲಿಂದ ಮಾಡಿಯಾನು?

'ಅರೆಸ್ಟ್' ಹೋಗಿ 'ರಕ್ಷಣೆ' ಬಂತು

ಬ್ರಿಟಿಷರ ಕಾಲದ 1912ರ ಲೂನಸಿ ಕಾಯಿದೆಯಲ್ಲಿ ಇಂಥವರ ಬಗ್ಗೆ ಇದ್ದ ಪದ 'ಅರೆಸ್ಟ್'. ಕಳ್ಳನಿಗೂ ಅದೇ, ಕಾಯಿಲೆಯವನಿಗೂ ಅದೇ. 1987ರ ಮಾನಸಿಕ ಆರೋಗ್ಯ ಕಾಯಿದೆ ಆ ಪದ ತೆಗೆದು 'ರಕ್ಷಣೆಗೆ ತೆಗೆದುಕೊಳ್ಳುವುದು' ಎಂದಿತು. ಆದರೂ 24 ಗಂಟೆಯೊಳಗೆ ಒಯ್ದು ನಿಲ್ಲಿಸಬೇಕಾಗಿದ್ದು ಮ್ಯಾಜಿಸ್ಟ್ರೇಟರ ಮುಂದೆಯೇ. ಈಗಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಜಾರಿಗೆ ಬಂದದ್ದು 2018ರಲ್ಲಿ. ಇದರ ಕಲಂ 100 ಪೂರ್ತಿ ಪೋಲೀಸರಿಗೇ ಮೀಸಲು. ಮ್ಯಾಜಿಸ್ಟ್ರೇಟರಿದ್ದ ಜಾಗಕ್ಕೆ ಇಲ್ಲಿ ಡಾಕ್ಟರು ಬಂದಿದ್ದಾರೆ.

ಆ ಕಲಮಿನಲ್ಲಿರುವುದು ಇಷ್ಟು. ಮಾನಸಿಕ ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಬೀದಿ ಅಲೆಯುವವರನ್ನೂ, ಕಾಯಿಲೆಯ ದೆಸೆಯಿಂದ ತನಗೋ ಇತರರಿಗೋ ಅಪಾಯ ತರಬಹುದಾದವರನ್ನೂ ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. 'ಮಾಡಬಹುದು' ಎಂದಲ್ಲ, ಮಾಡಲೇಬೇಕು. ಯಾಕೆ ಕರೆದೊಯ್ಯುತ್ತಿದ್ದೇವೆ ಎಂಬುದನ್ನು ಆ ವ್ಯಕ್ತಿಗೆ ಹೇಳಬೇಕು. ಅವನಿಗೆ ತಿಳಿಯುವ ಸ್ಥಿತಿ ಇಲ್ಲದಿದ್ದರೆ ಅವನ ಪ್ರತಿನಿಧಿಗೆ ಹೇಳಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು. ಯಾವ ಸಂದರ್ಭದಲ್ಲೂ ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕಕೂಡದು.

ಮುಂದಿನದು ಇನ್ನೂ ಮುಖ್ಯ. ಅಡ್ಮಿಟ್ ಮಾಡುವಷ್ಟು ಕಾಯಿಲೆ ಇಲ್ಲ ಎಂದು ಡಾಕ್ಟರು ಹೇಳಿದರೆ ಆ ವ್ಯಕ್ತಿಯನ್ನು ಮನೆಗೆ ಮುಟ್ಟಿಸುವುದೂ ಪೋಲೀಸರ ಹೊಣೆ. ಮನೆಯಿಲ್ಲದವರನ್ನು ಸರಕಾರಿ ನಿರಾಶ್ರಿತರ ಕೇಂದ್ರಕ್ಕೆ. ಬೀದಿಯಲ್ಲಿ ಅಲೆಯುವವರು ಸಿಕ್ಕಾಗ ಕಾಣೆಯಾದವರ ಪ್ರಕರಣವೆಂದು ಎಫ್.ಐ.ಆರ್. ಹಾಕಿ, ಅವರ ಮನೆಯವರನ್ನು ಹುಡುಕಿ ಸುದ್ದಿ ಮುಟ್ಟಿಸಬೇಕು. ಎಂದರೆ, 'ನಮ್ಮ ಸರಹದ್ದು ದಾಟಿಸಿದರೆ ಸಾಕು' ಎಂದು ಪಕ್ಕದೂರಿನ ಬಸ್ಸು ಹತ್ತಿಸುವುದು, ರಾತ್ರಿ ಲಾರಿಯಲ್ಲಿ ಕೂರಿಸಿ ಹೈವೇ ಬದಿಗೆ ಇಳಿಸಿ ಬರುವುದು ಉಪಾಯವೂ ಅಲ್ಲ, ಔದಾರ್ಯವೂ ಅಲ್ಲ. ಕಾಯಿದೆಯ ನೇರ ಉಲ್ಲಂಘನೆ.

ಇನ್ನೊಂದು ಮಾತು. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಮೇಲೆ ಕೇಸು ಜಡಿಯುವ ಕಾಲವೂ ಮುಗಿಯಿತು. ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು ಎನ್ನುತ್ತದೆ ಕಲಂ 115. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮೇ ಇಲ್ಲ. ಸರಕಾರಿ ನೌಕರನನ್ನು ಬಗ್ಗಿಸಲು ಆತ್ಮಹತ್ಯೆಯ ಯತ್ನ ಮಾಡಿದರೆ ಮಾತ್ರ ಅಪರಾಧ.

ಇಷ್ಟೆಲ್ಲ ಬರೆದಿಟ್ಟ ಕಾಯಿದೆಗೆ ಒಂದು ವಿಷಯ ಗೊತ್ತಿತ್ತು: ಪುಸ್ತಕದಲ್ಲಿದ್ದದ್ದು ತಾನಾಗಿ ಠಾಣೆಗೆ ನಡೆದುಬರುವುದಿಲ್ಲ. ಅದಕ್ಕೇ ಕಲಂ 30ರಲ್ಲಿ, ಪೋಲೀಸರೂ ಸೇರಿದಂತೆ ಸರಕಾರಿ ಅಧಿಕಾರಿಗಳಿಗೆ ಕಾಲಕಾಲಕ್ಕೆ ತಿಳುವಳಿಕೆ, ತರಬೇತಿ ಕೊಡುವುದು ಸರಕಾರದ ಕರ್ತವ್ಯ ಎಂದು ಹೇಳಿದೆ. ಅಲ್ಲಲ್ಲಿ ಒಂದು ದಿನದ ಕಾರ್ಯಾಗಾರ ನಡೆಯುವುದುಂಟು. ದೀಪ ಬೆಳಗಿ, ಹಾರ ಹಾಕಿ, ಊಟ ಮುಗಿಸಿ, ಸರ್ಟಿಫಿಕೇಟ್ ಹಿಡಿದು ಬಂದರೆ ಪೇದೆಯ ಕೈಗೆ ಬರುವ ವಿದ್ಯೆ ಎಷ್ಟು?

ಮೆಂಫಿಸ್ ಕಲಿತ ಪಾಠ

ಈ ವಿದ್ಯೆಯನ್ನು ಒಂದು ಊರು ಪೆಟ್ಟು ತಿಂದು ಕಲಿತ ಕತೆಯಿದೆ. ಅಮೆರಿಕದ ಟೆನೆಸೀ ರಾಜ್ಯದ ಮೆಂಫಿಸ್ ನಗರ. 1987ರ ಸೆಪ್ಟೆಂಬರ್ 24. ಮಾನಸಿಕ ಕಾಯಿಲೆಯಿದ್ದ 27 ವರ್ಷದ ಯುವಕನೊಬ್ಬ ಚಾಕು ಹಿಡಿದು ತನ್ನನ್ನೇ ಇರಿದುಕೊಳ್ಳುತ್ತಿದ್ದ, ಎದುರಿದ್ದವರನ್ನೂ ಬೆದರಿಸುತ್ತಿದ್ದ. ಪೋಲೀಸರು ಬಂದರು, 'ಚಾಕು ಕೆಳಗೆ ಹಾಕು' ಎಂದು ಕೂಗಿದರು. ಅವನು ಇನ್ನಷ್ಟು ಕೆರಳಿ ಮುನ್ನುಗ್ಗಿದ. ಗುಂಡು ಹಾರಿತು, ಅವನು ಸತ್ತ. ಸತ್ತವನು ಕರಿಯ, ಗುಂಡು ಹಾರಿಸಿದವರು ಬಿಳಿಯರು. ಊರು ಕೆರಳಿ ನಿಂತಿತು.

ಪೋಲೀಸರು ಅಂದು ಮಾಡಿದ್ದು ಅವರಿಗೆ ಕಲಿಸಿದ್ದನ್ನೇ. ಹಾಗಾದರೆ ಕಲಿಸಿದ್ದೇ ತಪ್ಪಿರಬೇಕು ಎಂಬ ಮಾತಿಗೆ ಆ ಊರು ಬಂತು. ಮೇಯರು ಕರೆದ ಸಭೆಗೆ ಪೋಲೀಸ್ ಇಲಾಖೆ, ಕಾಯಿಲೆಯವರ ಮನೆಯವರ ಸಂಘ, ಅಲ್ಲಿನ ಎರಡು ವಿಶ್ವವಿದ್ಯಾಲಯದವರು ಬಂದು ಕೂತರು. 1988ರಲ್ಲಿ ಒಂದು ವಿಶೇಷ ಪಡೆ ತಯಾರಾಯಿತು. 'ಕ್ರೈಸಿಸ್ ಇಂಟರ್ವೆನ್ಷನ್ ಟೀಮ್', ಚಿಕ್ಕದಾಗಿ ಸಿ.ಐ.ಟಿ. ಪೋಲೀಸ್ ಅಧಿಕಾರಿ ಸ್ಯಾಮ್ ಕಾಕ್ರನ್ ಮತ್ತು ಮನಶ್ಶಾಸ್ತ್ರಜ್ಞ ರಾಂಡಾಲ್ಫ್ ಡುಪಾಂಟ್ ಅದರ ಮುಂಚೂಣಿಯಲ್ಲಿದ್ದವರು.

ಅವರು ಮಾಡಿದ್ದು ಮೂರು ಕೆಲಸ. ಒಂದು, ಎಲ್ಲ ಪೋಲೀಸರನ್ನೂ ಹಿಡಿದು ತಂದು ಕೂರಿಸಲಿಲ್ಲ. ಬೀಟಿನಲ್ಲಿರುವವರ ಪೈಕಿ ತಾವಾಗಿ ಮುಂದೆ ಬಂದವರನ್ನು, ಅದರಲ್ಲೂ ತಾಳ್ಮೆಯುಳ್ಳವರನ್ನು ಆರಿಸಿಕೊಂಡರು. ಎರಡು, 40 ಗಂಟೆಗಳ ತರಬೇತಿ. ಬರೀ ಭಾಷಣವಲ್ಲ, ಕಾಯಿಲೆಯಿಂದ ಚೇತರಿಸಿಕೊಂಡವರು, ಅವರ ತಾಯ್ತಂದೆಯರು ಬಂದು ಎದುರು ಕೂತು ಮಾತಾಡಿದರು. ಪೋಲೀಸರು ಪಾತ್ರ ವಹಿಸಿ ಅಭ್ಯಾಸ ಮಾಡಿದರು. ಮೂರು, ಪೋಲೀಸರು ಯಾವ ಹೊತ್ತಿಗೆ ಕರೆತಂದರೂ 'ಆಗೋಲ್ಲ' ಎನ್ನದೆ ಬಾಗಿಲು ತೆರೆಯುವ ಒಂದು ಆಸ್ಪತ್ರೆಯನ್ನು ಗೊತ್ತುಮಾಡಿದರು. ಅಧಿಕಾರಿ ರೋಗಿಯನ್ನು ಒಪ್ಪಿಸಿ ಬೇಗ ಡ್ಯೂಟಿಗೆ ಮರಳಬಹುದು.

ಇಂದು ಅಮೆರಿಕದಲ್ಲಿ ಇಂಥ ತಂಡಗಳು ಎರಡು ಸಾವಿರಕ್ಕೂ ಹೆಚ್ಚು. ಹಾಗೆಂದು ಇದೇನು ಮಂತ್ರದಂಡವಲ್ಲ. ತರಬೇತಿ ಪಡೆದವರ ತಿಳುವಳಿಕೆ, ಧೋರಣೆ ಸುಧಾರಿಸುತ್ತದೆ, ಜೈಲಿನ ಬದಲು ಆಸ್ಪತ್ರೆಯ ದಾರಿ ಹಿಡಿಯುವುದು ಹೆಚ್ಚುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಆದರೆ ಗಾಯ, ಸಾವು ಕಡಿಮೆಯಾಗುವುದು ಅಷ್ಟು ಸ್ಪಷ್ಟವಾಗಿ ಸಾಬೀತಾಗಿಲ್ಲ. ಕಾಯಿಲೆಯವರ ಮೇಲೆ ಗುಂಡು ಹಾರುವ ಸುದ್ದಿ ಅಮೆರಿಕದಿಂದ ಈಗಲೂ ಬರುತ್ತಲೇ ಇದೆ. ಮೂರನೆಯ ಕೆಲಸ ಬಿಟ್ಟು ಎರಡನೆಯದನ್ನು ಮಾತ್ರ ನಕಲು ಮಾಡಿದರೆ ಫಲ ಅರ್ಧ ಎಂಬುದು ಮೆಂಫಿಸಿನವರೇ ಒತ್ತಿ ಹೇಳುವ ಮಾತು.

ಏನು ಕಲಿಸುತ್ತಾರೆ?

ಕೇಳಿದರೆ 'ಇಷ್ಟೇನಾ?' ಅನಿಸಬಹುದು. ಮಾಡುವುದು ಸುಲಭವಲ್ಲ.

ಮೊದಲು ಜನರನ್ನು ದೂರ ಕಳಿಸು. ಸೀಟಿ ಊದಬೇಡ, ಸೈರನ್ ನಿಲ್ಲಿಸು. ಮಾತಾಡುವವನು ಒಬ್ಬನೇ ಇರಲಿ, ಉಳಿದವರು ಬಾಯಿ ಮುಚ್ಚಿಕೊಂಡಿರಲಿ. ಮೈಮೇಲೆ ಹೋಗಬೇಡ, ನಾಲ್ಕು ಮಾರು ದೂರ ನಿಲ್ಲು. ಅವನಿಗೆ ಓಡಲು ದಾರಿಯೇ ಇಲ್ಲದಂತೆ ಮೂಲೆಗೆ ಒತ್ತಬೇಡ. ನಿನ್ನ ಹೆಸರು ಹೇಳು, ಅವನ ಹೆಸರು ಕೇಳು. 'ಏಯ್' ಬೇಡ. 'ಅಣ್ಣಾ, ನಾನು ಠಾಣೆಯಿಂದ ಬಂದಿದೀನಿ, ನಿಮಗೆ ಏನೂ ಮಾಡೋಲ್ಲ. ಊಟ ಆಯ್ತಾ?' ಸಾಕು. ಅವನಿಗೆ ಕೇಳಿಸುವ ದನಿ ಸುಳ್ಳು ಎಂದು ವಾದಿಸಬೇಡ, ನಿಜವೆಂದು ತಲೆದೂಗಲೂ ಬೇಡ. 'ನನಗೆ ಕೇಳಿಸ್ತಾ ಇಲ್ಲ, ಆದರೆ ನಿಮಗೆ ಹೆದರಿಕೆ ಆಗಿದೆ ಅಂತ ಗೊತ್ತಾಗ್ತಿದೆ' ಎನ್ನು. ಕೈ ಹಿಡಿಯುವ ಮುನ್ನ ಹಿಡಿಯುತ್ತೇನೆಂದು ಹೇಳು. ಹೆಂಗಸಾದರೆ ಮಹಿಳಾ ಸಿಬ್ಬಂದಿ ಜೊತೆಗಿರಲಿ. ಎಲ್ಲಕ್ಕಿಂತ ಹೆಚ್ಚಾಗಿ, ಅವಸರ ಬೇಡ. ಹತ್ತು ನಿಮಿಷದ ಬದಲು ಒಂದು ಗಂಟೆ ಹಿಡಿದರೂ ಯಾರ ಗಂಟೂ ಹೋಗುವುದಿಲ್ಲ.

ಗುರುತಿಸುವುದನ್ನೂ ಕಲಿಸಬೇಕು. ತೊದಲುವವನೆಲ್ಲ ಕುಡುಕನಲ್ಲ; ಸಕ್ಕರೆ ಕಾಯಿಲೆಯವನಿಗೆ ರಕ್ತದಲ್ಲಿ ಸಕ್ಕರೆ ಇಳಿದರೂ ಹಾಗೇ ಆಗುತ್ತದೆ, ತಲೆಗೆ ಪೆಟ್ಟು ಬಿದ್ದರೂ ಆಗುತ್ತದೆ. ದಿನವೂ ಕುಡಿಯುವವನು ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈಕಾಲು ನಡುಗಿ, ಗೋಡೆಯ ಮೇಲೆ ಹುಳು ಹರಿದಂತೆ ಕಂಡು ಚೀರಾಡಬಹುದು. ಅದು ನಾಟಕವಲ್ಲ, ಪ್ರಾಣಕ್ಕೇ ಕುತ್ತು. ಜೇಬಿನಲ್ಲಿ ಮಾತ್ರೆಯ ಹಾಳೆ ಇದೆಯೇ, ಚೀಟಿ ಇದೆಯೇ ನೋಡಬೇಕು. ಮನಸ್ಸಿನ ಕಾಯಿಲೆಯವರೆಲ್ಲ ಹೊಡೆಯುವವರು ಎಂಬ ಭ್ರಮೆಯೂ ಹೋಗಬೇಕು. ಬಹುಪಾಲು ಜನ ಯಾರ ತಂಟೆಗೂ ಹೋಗುವವರಲ್ಲ. ಹೊಡೆತ, ದರೋಡೆ, ಅತ್ಯಾಚಾರಕ್ಕೆ ತಾವೇ ಬಲಿಯಾಗುವವರು.

ಆಸ್ಪತ್ರೆಯ ಬಾಗಿಲಲ್ಲಿ

'ಹುಚ್ಚು ಬಿಡೋ ತನಕ ಮದುವೆ ಆಗೋಲ್ಲ, ಮದುವೆ ಆಗೋ ತನಕ ಹುಚ್ಚು ಬಿಡೋಲ್ಲ' ಎಂಬ ಗಾದೆ ಎಲ್ಲರಿಗೂ ಗೊತ್ತು. ರಾತ್ರಿ ಹನ್ನೊಂದಕ್ಕೆ ಇಂಥವರನ್ನು ಜೀಪಿನಲ್ಲಿ ಕರೆತಂದ ಪೋಲೀಸರಿಗೂ ಕ್ಯಾಶುಯಾಲ್ಟಿಯಲ್ಲಿರುವ ಡಾಕ್ಟರಿಗೂ ನಡೆಯುವ ಮಾತುಕತೆ ಈ ಗಾದೆಯಂತಾದರೆ ಅಚ್ಚರಿಯಿಲ್ಲ. 'ಕೋರ್ಟಿನ ಆರ್ಡರ್ ತನ್ನಿ' ಎಂದು ಇವರು, 'ನೀವು ನೋಡಿ ಬರೆದುಕೊಡಿ' ಎಂದು ಅವರು. 'ಜೊತೆಗೆ ಯಾರು ಇರ್ತಾರೆ?' ಎಂದು ಇವರು, 'ಇವನಿಗೆ ಯಾರೂ ಇಲ್ಲ ಅಂತಾನೇ ಇಲ್ಲಿಗೆ ತಂದಿದ್ದು' ಎಂದು ಅವರು. ಕೊನೆಗೆ ಜೀಪು ಎಲ್ಲಿಗೆ ಹೋಗಬೇಕು?

ಕಾಯಿದೆಯ ಉತ್ತರ ಸರಳ. ತಪಾಸಣೆಗೆ ಬೇಕಾದ್ದು ಹತ್ತಿರದ ಸರಕಾರಿ ಆಸ್ಪತ್ರೆ. ಅದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಓಡಬೇಕಿಲ್ಲ, ಕೋರ್ಟಿನ ಆರ್ಡರೂ ಬೇಕಿಲ್ಲ. ತಪಾಸಣೆಗೆ ವ್ಯವಸ್ಥೆ ಮಾಡುವುದು ಅಲ್ಲಿನ ವೈದ್ಯಾಧಿಕಾರಿಯ ಹೊಣೆ.

ಈ ವಿಷಯದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವೇನಲ್ಲ. ಮನೋರೋಗ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದೆಂದು 1980ರ ದಶಕದಲ್ಲೇ ನಿಮ್ಹಾನ್ಸ್ ತೋರಿಸಿಕೊಟ್ಟದ್ದು ಬಳ್ಳಾರಿ ಜಿಲ್ಲೆಯಲ್ಲಿ. ಪ್ರಾಥಮಿಕ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾಡಿದ ಆ 'ಬಳ್ಳಾರಿ ಮಾದರಿ'ಯನ್ನೇ 1996ರಿಂದ ದೇಶವೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ಅನುಸರಿಸಿತು. ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಿಗೆ 'ಮನೋಚೈತನ್ಯ' ಎಂಬ ಮಂಗಳವಾರದ ಶಿಬಿರವೂ ಬಂತು. ಒಳ್ಳೆಯದೇ. ಆದರೆ ಕಾಯಿಲೆ ಮಂಗಳವಾರವೇ ಕೆರಳಬೇಕೆಂಬ ನಿಯಮವಿಲ್ಲವಲ್ಲ!

ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10ಕ್ಕೂ ಹೆಚ್ಚು ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಜನ ಚಿಕಿತ್ಸೆಯನ್ನೇ ಕಂಡಿಲ್ಲ. ಡಾಕ್ಟರು ಕಾಣದ ಈ ಜನರಲ್ಲಿ ಕೆಲವರನ್ನು ಮೊದಲು ಕಾಣುವವನು ಪೇದೆ.

ಮಾಡಬೇಕಾದ್ದು

ಜಿಲ್ಲೆಯ ಎಸ್ಪಿ ಸಾಹೇಬರು, ಜಿಲ್ಲಾ ಸರ್ಜನ್‌ರು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧಿಕಾರಿಗಳು ಒಂದು ಮೇಜಿನ ಮುಂದೆ ಕೂತರೆ ಆಗುವ ಕೆಲಸಗಳಿವು. ಪ್ರತಿ ಠಾಣೆಯಲ್ಲಿ ಇಬ್ಬರಾದರೂ ಮನಸ್ಸಿರುವ ಸಿಬ್ಬಂದಿಯನ್ನು ಆರಿಸಿ, ಅದರಲ್ಲೊಬ್ಬರು ಮಹಿಳೆಯಿರುವಂತೆ, ಒಂದು ವಾರ ಪೂರ್ತಿ ಕಲಿಸಬೇಕು. 112ಕ್ಕೆ ಫೋನು ಎತ್ತುವವರಿಗೂ ಕಲಿಸಬೇಕು. 'ಕಳ್ಳತನವೋ ಕಾಯಿಲೆಯೋ' ಎಂದು ಮೊದಲು ಕೇಳುವವರು ಅವರೇ. ಕಲಂ 100ನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆಸಿ ಠಾಣೆಯಲ್ಲೂ ಕ್ಯಾಶುಯಾಲ್ಟಿಯಲ್ಲೂ ಗೋಡೆಗೆ ತಗುಲಿಸಬೇಕು. ರಾತ್ರಿ ಯಾವ ಆಸ್ಪತ್ರೆ, ಯಾವ ಡಾಕ್ಟರು, ಯಾವ ನಂಬರು ಎಂಬುದು ಅದರಲ್ಲೇ ಇರಬೇಕು. ಹಗಲು ರಾತ್ರಿ ಕನ್ನಡದಲ್ಲೇ ಉತ್ತರ ಸಿಗುವ ಟೆಲಿ ಮನಸ್ ಸಹಾಯವಾಣಿ 14416ನ್ನು, 2022ರಲ್ಲಿ ಶುರುವಾದ ಈ ಉಚಿತ ಸೇವೆಯನ್ನು, ಮನೆಯವರಿಗೂ ಪೇದೆಗೂ ಬಾಯಿಪಾಠ ಮಾಡಿಸಬೇಕು.

ಜನರ ಪಾಲೂ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿ ಬಿಗಿಸಿಕೊಂಡಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸರಪಳಿ ಹಾಕುವುದು ಈಗ ಕಾನೂನು ಪ್ರಕಾರ ನಿಷಿದ್ಧ. ಪಕ್ಕದ ಮನೆಯಲ್ಲಿ ಕಾಯಿಲೆಯವರನ್ನು ಕಟ್ಟಿಹಾಕಿದ್ದರೆ, ಅನ್ನ ನೀರಿಲ್ಲದೆ ಕೂಡಿಹಾಕಿದ್ದರೆ ಗೊತ್ತಿದ್ದವರು ಠಾಣೆಗೆ ತಿಳಿಸಬೇಕು, ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು ಎನ್ನುತ್ತದೆ ಕಲಂ 101. 'ಅವರ ಮನೆ ವಿಚಾರ, ನಮಗ್ಯಾಕೆ' ಎಂದು ಸುಮ್ಮನಿರುವಂತಿಲ್ಲ. ಬೀದಿಯಲ್ಲಿ ಒಬ್ಬರು ಕೆರಳಿ ನಿಂತಾಗ ಮೊಬೈಲು ಎತ್ತಿ ಚಿತ್ರ ತೆಗೆಯುತ್ತ ಸುತ್ತ ನೆರೆಯುವವರು ಹಿಂದೆ ಸರಿದರೆ ಪೇದೆಯ ಅರ್ಧ ಕೆಲಸ ಹಗುರಾಯಿತು.

ಇನ್ನರ್ಧ ಹಗುರಾಗಬೇಕಾದ್ದು ಮೇಲಿನವರಿಂದ. ಕಾಯಿದೆ ಜಾರಿಗೆ ಬಂದು ವರುಷಗಳೇ ಉರುಳಿದವು. ನಮ್ಮ ಜಿಲ್ಲೆಯಲ್ಲಿ ಎಷ್ಟು ಠಾಣೆಗಳ ಸಿಬ್ಬಂದಿಗೆ ಈ ತರಬೇತಿ ಆಗಿದೆ, ಎಷ್ಟು ದಿನದ್ದು, ಕೊಟ್ಟವರು ಯಾರು? ಮುಂದಿನ ಶಾಂತಿಸಭೆಯಲ್ಲಿ ಯಾರಾದರೂ ಎದ್ದು ನಿಂತು ಈ ಪ್ರಶ್ನೆ ಕೇಳಲಿ. ಲೆಕ್ಕ ಕೊಡಬೇಕಾದವರು ವೇದಿಕೆಯ ಮೇಲೇ ಕೂತಿರುತ್ತಾರೆ.