ತೋಡು, ತಡೆಗೋಡೆ ಮತ್ತು ಐದು ಹೊಂಗೆಮರಗಳು

ಮಂಗಳೂರಿನವರಿಗೆ ತೋಡು ಎಂದರೇನೆಂದು ವಿವರಿಸಬೇಕಾಗಿಲ್ಲ. ಗುಡ್ಡದ ನೀರನ್ನು ಬಯಲಿಗಿಳಿಸಿ, ಬಯಲಿನ ನೀರನ್ನು ನೇತ್ರಾವತಿಗೋ ಫಲ್ಗುಣಿಗೋ ಒಪ್ಪಿಸುವ ಈ ಕಿರುಹೊಳೆಗಳಿಗೆ ಇಂದಿನ ಕಡತಗಳಲ್ಲಿ ರಾಜಕಾಲುವೆ ಎಂಬ ದೊಡ್ಡ ಹೆಸರಿದೆ. ಹೆಸರು ಹಿರಿದಾದಂತೆ ತೋಡು ಮಾತ್ರ ಕಿರಿದಾಗುತ್ತ ಬಂದಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುವ ಈ ಊರಿನಲ್ಲಿ ತೋಡು ಕಿರಿದಾದರೆ ಏನಾಗುತ್ತದೆ ಎಂಬುದನ್ನು 2018ರ ಮೇ 29ರಂದು ನಾವೆಲ್ಲರೂ ಕಂಡೆವು. ರಸ್ತೆಗಳು ಹೊಳೆಗಳಾದವು, ಮನೆ ಅಂಗಡಿಗಳೊಳಗೆ ನೀರು ನುಗ್ಗಿತು. ಆ ದಿನದ ಭಯ ಸಹಜವಾದುದು. ಆದರೆ ಆ ಭಯದಲ್ಲಿ ಕೈಗೊಂಡ ನಿರ್ಧಾರಗಳೆಲ್ಲವೂ ವಿವೇಕದವಾಗಿರಲಿಲ್ಲ. ಅಂಥ ಒಂದು ನಿರ್ಧಾರಕ್ಕೆ ನಾನೇ ಸಹಿ ಹಾಕಿದವನು.

ಆಗ ನಾನಿದ್ದ ಧರ್ಮಕೇಂದ್ರದ ಜಮೀನಿನ ಹಿಂಬದಿಯಲ್ಲಿ ಒಂದು ತೋಡು ಹರಿಯುತ್ತಿತ್ತು. ಅದರ ದಂಡೆಯಲ್ಲಿ ಐದು ಹೊಂಗೆಮರಗಳು ಸಾಲಾಗಿ ನಿಂತಿದ್ದವು. ಅವನ್ನು ಯಾರು ನೆಟ್ಟರೆಂದು ಯಾರಿಗೂ ತಿಳಿಯದು. ಹೊಂಗೆಯ ಕಾಯಿ ನೀರಿನಲ್ಲಿ ತೇಲಿ ಬಂದು ದಡ ಹಿಡಿಯುವುದುಂಟು, ಪ್ರಾಯಶಃ ತಾವಾಗಿಯೇ ಬಂದವು. ಭಾನುವಾರದ ಪೂಜೆ ಮುಗಿದ ಮೇಲೆ ಜನರು ನಿಂತು ಮಾತಾಡುತ್ತಿದ್ದುದು ಅವುಗಳ ನೆರಳಿನಲ್ಲಿ. 2019ರ ಬೇಸಿಗೆಯಲ್ಲಿ ತೋಡಿಗೆ ಕಾಂಕ್ರೀಟಿನ ತಡೆಗೋಡೆ ಕಟ್ಟುವ ಪ್ರಸ್ತಾಪ ಬಂತು. ಗೋಡೆಯ ಹಿಂಬದಿಗೆ ಮಣ್ಣು ತುಂಬಿ ಸಮತಟ್ಟು ಮಾಡಿಕೊಡುತ್ತೇವೆ, ವಾಹನ ನಿಲ್ಲಿಸಲು ಜಾಗವಾಗುತ್ತದೆ, ಒಂದು ಮರವನ್ನೂ ಕಡಿಯುವುದಿಲ್ಲ ಎಂದು ಗುತ್ತಿಗೆದಾರರು ಮಾತು ಕೊಟ್ಟರು. ಪಾಲನಾ ಸಮಿತಿಯು ಒಪ್ಪಿತು. ನಾನೂ ಒಪ್ಪಿದೆ.

ಒಪ್ಪದವರು ಒಬ್ಬರೇ: ಆ ವಾಳೆಯ ಹಿರಿಯ ಗುರ್ಕಾರರು. "ಫಾದರ್, ತೆಂಗಿನ ಬುಡಕ್ಕೆ ಎಷ್ಟು ಮಣ್ಣು ಬೇಕಾದರೂ ಏರಿಸಿ, ಅದು ತಡೆಯುತ್ತದೆ. ಹೊಂಗೆ ತಡೆಯುವುದಿಲ್ಲ" ಎಂದರು. "ಮರಗಳನ್ನು ಯಾರೂ ಮುಟ್ಟುವುದಿಲ್ಲವಲ್ಲ, ನೀವು ಚಿಂತಿಸಬೇಡಿ" ಎಂದೆ. ಅವರು ಮತ್ತೆ ಮಾತಾಡಲಿಲ್ಲ.

ಗೋಡೆ ಎದ್ದಿತು, ಮಣ್ಣು ತುಂಬಿತು. ಗುತ್ತಿಗೆದಾರರು ಮಾತಿಗೆ ತಪ್ಪಲಿಲ್ಲ, ಒಂದು ಕೊಂಬೆಯೂ ಮುರಿಯಲಿಲ್ಲ. ಮರುವರ್ಷ ನನಗೆ ವರ್ಗಾವಣೆಯಾಯಿತು. 2022ರಲ್ಲಿ ಒಂದು ವಿವಾಹದ ಪೂಜೆಗೆಂದು ಅಲ್ಲಿಗೆ ಹೋದಾಗ ಮೂರು ಮರಗಳು ಎಲೆಯಿಲ್ಲದೆ ಒಣಗಿ ನಿಂತಿದ್ದವು. ಉಳಿದೆರಡು ಅದಾಗಲೇ ಇರಲಿಲ್ಲ.

ಆ ಮರಗಳನ್ನು ಕೊಂದವರು ಯಾರು? ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವನಿಗೆ ಇಂಥ ಪ್ರಶ್ನೆ ಬೇಗ ಬಿಡುವುದಿಲ್ಲ. ಕೊಡಲಿ ಎತ್ತಿದವರಿಲ್ಲ, ವಿಷ ಹಾಕಿದವರಿಲ್ಲ. ಕಣ್ಣಿಗೆ ಕಾಣುವ ನಿಮಿತ್ತ ಕಾರಣವೇ ಇಲ್ಲ. ಆದರೂ ಐದು ಜೀವಗಳು ಹೋದವು. ಅರಿಸ್ಟಾಟಲನು ಆತ್ಮವನ್ನು ಕುರಿತ ತನ್ನ ಗ್ರಂಥದಲ್ಲಿ, ಕಾರ್ಯದಿಂದ ನೋಡಿದರೆ ಪ್ರಾಣಿಗೆ ತಲೆ ಹೇಗೋ ಸಸ್ಯಕ್ಕೆ ಬೇರು ಹಾಗೆ ಎಂಬರ್ಥದ ಮಾತನ್ನು ಹೇಳುತ್ತಾನೆ. ವಿದ್ಯಾರ್ಥಿ ದೆಸೆಯಲ್ಲಿ ನಮಗೆ ಅದು ನಗೆಯ ವಿಷಯವಾಗಿತ್ತು. ನಮ್ಮವರಾದರೋ ಮರವನ್ನು ಪಾದಪ ಎಂದು ಕರೆದರು, ಅಂದರೆ ಕಾಲಿನಿಂದ ಕುಡಿಯುವುದು. ಎರಡೂ ಮಾತುಗಳು ತೋರುವುದು ಒಂದೇ ಕಡೆಗೆ: ಮರದ ಬಾಯಿ ಇರುವುದು ಕೆಳಗೆ. ನಾವು ಆ ಬಾಯಿಗೆ ಮಣ್ಣು ತುಂಬಿದ್ದೆವು.

ಇದು ಅಲಂಕಾರದ ಮಾತಲ್ಲ. ಮರದ ಬೇರು ಆಳಕ್ಕೆ ಇಳಿದಿರುತ್ತದೆಂಬುದು ನಮ್ಮ ಸಾಮಾನ್ಯ ಕಲ್ಪನೆ. ವಾಸ್ತವದಲ್ಲಿ ನೀರನ್ನೂ ಸಾರವನ್ನೂ ಹೀರುವ ಎಳೆಬೇರುಗಳಲ್ಲಿ ಹೆಚ್ಚಿನವು ಮೇಲಿನ ಅರ್ಧ ಮೀಟರು ಮಣ್ಣಿನಲ್ಲಿಯೇ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಅವುಗಳ ಮೇಲೆ ಒಂದಡಿ ಮಣ್ಣು ಹೇರಿ, ಅದರ ಮೇಲೆ ಜೆಸಿಬಿ ಓಡಿಸಿ ಅದುಮಿದರೆ ಉಸಿರು ಕಟ್ಟುತ್ತದೆ. ಕಾಂಡದಲ್ಲಿ ಕೂಡಿಟ್ಟ ಆಹಾರದ ಬಲದಿಂದ ಮರ ಎರಡು ಮೂರು ವರ್ಷ ಹಸಿರಾಗಿಯೇ ನಿಂತಿರುತ್ತದೆ. ಸಾಯುವ ವೇಳೆಗೆ ಕಾರಣವನ್ನು ಎಲ್ಲರೂ ಮರೆತಿರುತ್ತಾರೆ. ಗುರ್ಕಾರರ ಮಾತಿನಲ್ಲಿದ್ದ ಶಾಸ್ತ್ರವೂ ಇದೇ. ತೆಂಗು ತನ್ನ ಕಾಂಡದ ಬುಡದಿಂದ ಹೊಸ ಬೇರುಗಳನ್ನು ಹೊರಡಿಸಬಲ್ಲದು, ಆದ್ದರಿಂದ ಏರಿಸಿದ ಮಣ್ಣನ್ನು ತಾಳಿಕೊಳ್ಳುತ್ತದೆ. ಹೊಂಗೆ, ನೇರಳೆ, ಹೊನ್ನೆಗಳಿಗೆ ಆ ಭಾಗ್ಯವಿಲ್ಲ.

ನಮ್ಮ ಕಾನೂನು ಮರವನ್ನು ಕಾಯುತ್ತದೆ, ನಿಜ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ನಗರದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಐವತ್ತಕ್ಕೂ ಹೆಚ್ಚು ಮರಗಳಾದರೆ ಸಾರ್ವಜನಿಕರ ಆಕ್ಷೇಪಣೆಯನ್ನು ಕರೆಯಬೇಕು. ಆದರೆ ಕಡತದಲ್ಲಿ ಎಣಿಸುವುದು ಕಾಂಡಗಳನ್ನು. ಬೇರಿಗೆ ಮಣ್ಣು ಮುಚ್ಚಲು ಯಾರೂ ಅರ್ಜಿ ಹಾಕುವುದಿಲ್ಲ. ಮರ ಒಣಗಿದ ಮೇಲೆ ಅದು ಅಪಾಯಕಾರಿ ಮರವಾಗುತ್ತದೆ, ಅನುಮತಿ ದೊರೆಯುವುದು ಕಷ್ಟವಾಗುವುದಿಲ್ಲ. 2013ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರು ಜಾಗದಲ್ಲಿ ಕಾಂಕ್ರೀಟು ಇರಕೂಡದೆಂದು ಆದೇಶಿಸಿತು. ಬೇರಿನ ಕಡೆಗೆ ಕಣ್ಣು ಹಾಯಿಸಿದ ಆದೇಶ ಅದು. ಒಂದು ಮೀಟರು ಸಾಲದು; ಆದರೂ ಏನೂ ಇಲ್ಲದ ಕಡೆ ಅದೂ ದೊಡ್ಡದೇ.

ಹಾಗಾದರೆ ಎಷ್ಟು ಬೇಕು? ಮರಗಳ ಆರೈಕೆಯನ್ನೇ ವೃತ್ತಿಯಾಗಿ ಮಾಡುವವರು ಒಂದು ಸರಳ ಲೆಕ್ಕವನ್ನು ಇಟ್ಟುಕೊಂಡಿದ್ದಾರೆ: ಎದೆಯ ಮಟ್ಟದಲ್ಲಿ ಕಾಂಡದ ವ್ಯಾಸ ಎಷ್ಟೋ ಅದರ ಹನ್ನೆರಡರಷ್ಟು ದೂರದವರೆಗೆ ಅಗೆಯಬಾರದು, ತುಂಬಬಾರದು. ಮರದ ಸುತ್ತಳತೆಗೆ ಹಗ್ಗ ಹಿಡಿದು ಅದನ್ನು ನಾಲ್ಕು ಪಟ್ಟು ಮಾಡಿದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ನಮ್ಮ ನಗರದ ತೋಡಿನ ದಂಡೆಗಳಲ್ಲಿ ಅಷ್ಟು ಜಾಗ ಎಲ್ಲಿದೆ ಎಂದು ಕೇಳಬಹುದು. ಎಲ್ಲೆಡೆ ಇಲ್ಲ. ಇರುವಲ್ಲಿಯಾದರೂ ಬಿಡಬೇಕೆಂಬುದು ನನ್ನ ವಾದ.

ಇಂಜಿನಿಯರರ ಮಾತಿನಲ್ಲಿಯೂ ಸತ್ಯವಿದೆ, ಅದನ್ನು ಮುಚ್ಚಿಡಲಾಗದು. ತೋಡಿನ ಒಡಲಲ್ಲಿಯೇ ಹುಟ್ಟಿದ ಮರ ನೀರಿಗೆ ಅಡ್ಡಿ. ಅದಕ್ಕೆ ಪ್ಲಾಸ್ಟಿಕ್ಕು, ಬಾಳೆದಿಂಡು, ಹಳೆಯ ಹಾಸಿಗೆಗಳೂ ಸಿಕ್ಕಿ ಕಟ್ಟೆ ಕಟ್ಟುತ್ತವೆ. ಅದನ್ನು ಗಿಡವಾಗಿರುವಾಗಲೇ ತೆಗೆಯಬೇಕು. ದಂಡೆಯ ಮೇಲೆ ಅಕೇಶಿಯವನ್ನು ಉಳಿಸಿಕೊಳ್ಳಬೇಕೆಂದೂ ನಾನು ಹೇಳಲಾರೆ. ಮಳೆಗಾಲದ ಗಾಳಿಗೆ ಅದು ಉರುಳುವುದನ್ನು ಪ್ರತಿವರ್ಷ ನೋಡುತ್ತೇವೆ. ಬೇರೆಲ್ಲ ಮರಗಳಿಗೂ ಆರೈಕೆ ಬೇಕು. ದಂಡೆಯ ಮರ ಸ್ವಭಾವತಃ ಬೆಳಕಿರುವ ನೀರಿನ ಕಡೆಗೆ ವಾಲಿರುತ್ತದೆ. ವಿದ್ಯುತ್ ತಂತಿಗೆ ತಾಗುತ್ತದೆಂದು ರಸ್ತೆಯ ಕಡೆಯ ಕೊಂಬೆಗಳನ್ನಷ್ಟೇ ಪ್ರತಿ ಮೇ ತಿಂಗಳಲ್ಲಿ ಕಡಿಯುತ್ತ ಬಂದರೆ ಭಾರವೆಲ್ಲ ಒಂದೇ ಕಡೆಗಾಗಿ, ನೆನೆದ ಮಣ್ಣಿನಿಂದ ಬೇರುಸಹಿತ ತೋಡಿಗೆ ಬೀಳುತ್ತದೆ. ಆಮೇಲೆ ಮರವನ್ನು ದೂರುತ್ತೇವೆ.

ಕೊಂಬೆ ಕಡಿಯುವುದಕ್ಕೂ ಒಂದು ಕ್ರಮವಿದೆ. ಕೊಂಬೆ ಕಾಂಡವನ್ನು ಸೇರುವಲ್ಲಿ ಉಬ್ಬಿದ ಕೊರಳಿನಂತಹ ಭಾಗವಿರುತ್ತದೆ. ಅದನ್ನು ಬಿಟ್ಟು, ಅದರ ಹೊರಗೆ ಕೊಯ್ಯಬೇಕು. ಭಾರದ ಕೊಂಬೆಯಾದರೆ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು ಆಮೇಲೆ ಮೇಲಿನಿಂದ ಕೊಯ್ದರೆ ತೊಗಟೆ ಸೀಳದು. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿಯಾಗಿದ್ದ ಅಲೆಕ್ಸ್ ಶಿಗೋ ಅವರು ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟ ಸಂಗತಿ ಏನೆಂದರೆ, ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಮರವು ಗಾಯಗೊಂಡ ಭಾಗದ ಸುತ್ತ ತಡೆ ಕಟ್ಟಿ, ಅದನ್ನು ಒಳಗೇ ಬಿಟ್ಟು, ಹೊರಗೆ ಹೊಸದಾಗಿ ಬೆಳೆಯುತ್ತದೆ. ಕೊರಳನ್ನೇ ಕೊಯ್ದರೆ ಆ ತಡೆ ಕಟ್ಟುವ ಶಕ್ತಿಯನ್ನೇ ಕೊಯ್ದಂತೆ. ಗಾಯಕ್ಕೆ ಡಾಂಬರು ಬಳಿಯುವ ನಮ್ಮ ರೂಢಿಯಿಂದ ಪ್ರಯೋಜನವಿಲ್ಲ.

ಕಾಂಕ್ರೀಟಿಲ್ಲದೆ ದಡ ನಿಲ್ಲುತ್ತದೆಯೇ ಎಂದು ಸಂಶಯಿಸುವವರು ಸಿಂಗಪುರದ ಕಲ್ಲಾಂಗ್ ನದಿಯನ್ನು ಗಮನಿಸಬಹುದು. ಅಲ್ಲಿನ ಬಿಶಾನ್ ಉದ್ಯಾನದ ಬದಿಯಲ್ಲಿ 2.7 ಕಿಲೋಮೀಟರು ಉದ್ದದ ನೇರ ಕಾಂಕ್ರೀಟು ಕಾಲುವೆಯನ್ನು ಒಡೆದು 3.2 ಕಿಲೋಮೀಟರಿನ ಅಂಕುಡೊಂಕಾದ ಹೊಳೆಯನ್ನಾಗಿ ಮಾಡಿ 2012ರಲ್ಲಿ ಜನರಿಗೆ ತೆರೆದುಕೊಟ್ಟರು. ಕಲ್ಲು, ಬಲೆ ಮತ್ತು ಗಿಡಗಳ ಬೇರು, ಈ ಮೂರನ್ನು ಹೆಣೆದು ದಡ ನಿಲ್ಲಿಸಿದ್ದಾರೆ. ಅವರಿಗೆ ಉದ್ಯಾನದ ವಿಸ್ತಾರವಿತ್ತು, ನಮಗಿಲ್ಲ. ಆದರೆ ಗಾರೆಯಿಲ್ಲದೆ ಕಟ್ಟಿದ ಕೆಂಪುಕಲ್ಲಿನ ಕಟ್ಟೆ, ತಂತಿಜಾಲರಿಯಲ್ಲಿ ತುಂಬಿದ ಕಾಡುಕಲ್ಲು, ತೆಂಗಿನ ನಾರಿನ ಹಾಸು, ನಡುನಡುವೆ ಲಾವಂಚ, ನೀರಿನಂಚಿಗೆ ಕೇದಗೆ, ಇವು ನಮ್ಮ ಹಿರಿಯರಿಗೆ ಹೊಸವೇನೂ ಅಲ್ಲ. ಇಂಥ ಕಟ್ಟೆಯ ಸಂದುಗಳಿಂದ ನೀರು ಬಸಿಯುತ್ತದೆ, ಬೇರಿಗೆ ಗಾಳಿಯೂ ಸಿಗುತ್ತದೆ.

ಈಗ ನಾನಿರುವ ಧರ್ಮಕೇಂದ್ರದ ಬಳಿಯಲ್ಲಿಯೂ ತೋಡಿದೆ. ದಂಡೆಯಲ್ಲಿ ಎರಡು ಹೊನ್ನೆಮರಗಳೂ ಒಂದು ನೇರಳೆಯೂ ಇವೆ. ಒಂದು ಕಾಲಕ್ಕೆ ಮನೆಮನೆಯ ದೀಪಕ್ಕೆ ಎಣ್ಣೆ ಕೊಟ್ಟ ಹೊನ್ನೆ ಈಗ ಪೇಟೆಯಲ್ಲಿ ಅಪರೂಪವಾಗಿದೆ. ಕಳೆದ ತಿಂಗಳ ಪಾಲನಾ ಸಮಿತಿಯ ಸಭೆಗೆ ಅದೇ ಬಗೆಯ ಪ್ರಸ್ತಾಪ ಬಂತು: ತಡೆಗೋಡೆ, ಮಣ್ಣು, ಸಮತಟ್ಟು ಜಾಗ. ಇಲ್ಲಿಯೂ ಒಂದು ಮರವನ್ನೂ ಕಡಿಯುವುದಿಲ್ಲವೆಂಬ ಭರವಸೆ. ಹಳೆಯ ಐದು ಹೊಂಗೆಗಳ ಕಥೆಯನ್ನು, ನನ್ನ ಸಹಿಯ ಸಂಗತಿಯನ್ನೂ ಸೇರಿಸಿ, ಅಂದು ಸಭೆಗೆ ತಿಳಿಸಿದೆ. ಕೆಲವರು ಒಪ್ಪಿದರು. ಕೆಳಗಿನ ಮನೆಯ ತಾಯಿಯೊಬ್ಬರು ಎದ್ದುನಿಂತು, "ಫಾದರ್, ಮರ ಇರಲಿ. ಆದರೆ ಪ್ರತಿ ಮಳೆಗಾಲಕ್ಕೆ ನಮ್ಮ ಬಾವಿಗೆ ತೋಡಿನ ನೀರು ಬರುವುದಕ್ಕೆ ಏನು ಮಾಡುತ್ತೀರಿ?" ಎಂದು ಕೇಳಿದರು. ಅವರ ಪ್ರಶ್ನೆಯನ್ನು ಬದಿಗೊತ್ತುವ ಹಕ್ಕು ನನಗಿಲ್ಲ.

ಮರುದಿನ ನಾವು ಕೆಲವರು ಹಗ್ಗ ಹಿಡಿದು ಅಳೆದೆವು. ದೊಡ್ಡ ಹೊನ್ನೆಯ ಸುತ್ತಳತೆ 2.2 ಮೀಟರು, ಅಂದರೆ ಎಂಟು ಮೀಟರಿಗೂ ಮಿಕ್ಕಿ ಜಾಗ ಬೇಕು. ಗೋಡೆಯ ಗುರುತು ಇರುವುದು ಮರದಿಂದ ಮೂರು ಮೀಟರಿನಲ್ಲಿ. ಆ ತಾಯಿಯ ಬಾವಿಯಿರುವ ಕಡೆ ಗೋಡೆ ಬರಲಿ, ಮೂರು ಮರಗಳಿರುವ ಇಪ್ಪತ್ತೈದು ಮೀಟರಿನಲ್ಲಿ ಕಾಂಕ್ರೀಟು ಬೇಡ, ಗಾರೆಯಿಲ್ಲದ ಕಲ್ಲುಕಟ್ಟೆ ಸಾಕು, ಮಣ್ಣು ಏರಿಸುವುದು ಬೇಡ ಎಂದು ಬರೆದು ಕೊಟ್ಟಿದ್ದೇವೆ. ಅಂದಾಜುಪಟ್ಟಿಯನ್ನು ಬದಲಾಯಿಸಬೇಕಾಗುತ್ತದೆ ಎಂದು ಇಂಜಿನಿಯರರು ಹೇಳಿದ್ದಾರೆ, ಆಗುವುದಿಲ್ಲ ಎನ್ನಲಿಲ್ಲ. ಬರುವ ಗುರುವಾರ ಅವರೇ ಸ್ಥಳಕ್ಕೆ ಬರುತ್ತಾರೆ. ಮರಗಳ ಸುತ್ತ ನಾವು ಸುಣ್ಣದಿಂದ ಗೆರೆ ಎಳೆದಿದ್ದೇವೆ.